ಚಿತ್ತವಿಕಾರ: ದೇಹದ ಪಾಲು, ಸಮಾಜದ ಪಾಲು

‘ಹುಚ್ಚು’ ಎಂಬ ಮಾತನ್ನು ನಾವು ಬಹು ಸುಲಭವಾಗಿ ಆಡಿಬಿಡುತ್ತೇವೆ. ಆದರೆ ಅದು ರೋಗವೊಂದರ ಹೆಸರೇ, ಅಥವಾ ತನಗೆ ಒಗ್ಗದ ನಡತೆಗೆ ಸಮಾಜವು ಇಟ್ಟ ಹೆಸರೇ? ದೇಹದ ಕೇಡೇ ಎಲ್ಲಕ್ಕೂ ಮೂಲವೆಂದು ಕೆಲವರು ವಾದಿಸುತ್ತಾರೆ. ಎಲ್ಲವೂ ಸಮಾಜದ ಕಲ್ಪನೆಯೆಂದು ಮತ್ತೆ ಕೆಲವರು. ಅಮೆರಿಕದ ದಕ್ಷಿಣ ಸಂಸ್ಥಾನಗಳ ಇತಿಹಾಸದಲ್ಲಿ ದೊರೆಯುವ ಎರಡು ನಿದರ್ಶನಗಳನ್ನು ನೋಡಿದರೆ ಇವೆರಡೂ ಅರ್ಧಸತ್ಯಗಳೆಂಬುದು ತಿಳಿಯುತ್ತದೆ.

1851ರಲ್ಲಿ ಲೂಯಿಸಿಯಾನದ ವೈದ್ಯನಾದ ಸ್ಯಾಮ್ಯುಯೆಲ್ ಕಾರ್ಟ್‌ರೈಟನು ‘ಡ್ರಾಪೆಟೊಮೇನಿಯ’ ಎಂಬ ಹೊಸದೊಂದು ಮನೋರೋಗವನ್ನು ಸಾರಿದನು. ಅದರ ಲಕ್ಷಣವೇನು? ಗುಲಾಮನು ಒಡೆಯನನ್ನು ಬಿಟ್ಟು ಓಡಿಹೋಗುವುದು! ಅವನು ಸೂಚಿಸಿದ ಉಪಾಯಗಳಲ್ಲಿ ಚಾವಟಿಯೇಟೂ ಒಂದು. ದಾಸ್ಯವನ್ನೇ ಸಹಜವೆಂದು ಭಾವಿಸಿದ್ದ ಸಮಾಜಕ್ಕೆ ಬಿಡುಗಡೆಯ ಹಂಬಲವು ರೋಗವಾಗಿ ಕಂಡಿತು. ಕೇಡಿದ್ದುದು ಓಡಿದವನಲ್ಲಿ ಅಲ್ಲ, ಅಳೆದವನ ಅಳತೆಗೋಲಿನಲ್ಲಿ.

ಹಾಗೆಂದು ಚಿತ್ತವಿಕಾರವೆಂಬುದೇ ಇಲ್ಲವೆನ್ನಲಾಗದು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಅದೇ ಸೀಮೆಯಲ್ಲಿ ‘ಪೆಲಗ್ರ’ ಎಂಬ ವ್ಯಾಧಿ ಹಬ್ಬಿತು. ಬಿಸಿಲು ತಾಗುವ ಚರ್ಮವು ಕಪ್ಪಾಗಿ ಸುಲಿಯುವುದು, ಭೇದಿ, ಕೊನೆಗೆ ಬುದ್ಧಿಭ್ರಮಣೆ – ಇವು ಅದರ ಲಕ್ಷಣಗಳು. ಎಷ್ಟೋ ಮಂದಿ ಇದರಿಂದಲೇ ಹುಚ್ಚಾಸ್ಪತ್ರೆಯನ್ನು ಸೇರಿದರು. ಇದು ಅಂಟುಜಾಡ್ಯವೆಂದು ಕೆಲವು ಪಂಡಿತರು ಸಾಧಿಸಿದರೆ, ವಂಶದ ದೋಷವೆಂದು ಬೇರೆ ಕೆಲವರು ಹೇಳಿದರು.

1914ರಲ್ಲಿ ಸರ್ಕಾರದ ವತಿಯಿಂದ ಅಲ್ಲಿಗೆ ಹೋದ ಡಾಕ್ಟರ್ ಜೋಸೆಫ್ ಗೋಲ್ಡ್‌ಬರ್ಗರನು ಒಂದು ಸಣ್ಣ ಸಂಗತಿಯನ್ನು ಗಮನಿಸಿದನು. ಆಸ್ಪತ್ರೆಯಲ್ಲಿದ್ದ ರೋಗಿಗಳಿಗೆ ಪೆಲಗ್ರ ಬರುತ್ತಿತ್ತು. ಹಗಲಿರುಳು ಅವರ ನಡುವೆಯೇ ಓಡಾಡುವ ದಾದಿಯರಿಗೆ ಬರುತ್ತಿರಲಿಲ್ಲ. ಅಂಟುವ ರೋಗವಾದರೆ ದಾದಿಯರನ್ನೇಕೆ ಬಿಟ್ಟೀತು? ಇಬ್ಬರಿಗೂ ಇದ್ದ ಭೇದ ಊಟದಲ್ಲಿ. ರೋಗಿಗಳ ತಟ್ಟೆಯಲ್ಲಿ ಮುಸುಕಿನ ಜೋಳವೇ ಪ್ರಧಾನ. ಮಿಸಿಸಿಪಿಯ ಎರಡು ಅನಾಥಾಲಯಗಳಲ್ಲಿಯೂ ಜಾರ್ಜಿಯದ ಹುಚ್ಚಾಸ್ಪತ್ರೆಯೊಂದರಲ್ಲಿಯೂ ಹಾಲು, ಮಾಂಸ, ಕಾಳುಗಳನ್ನು ಹೆಚ್ಚಿಸಲು, ರೋಗವು ಅಡಗಿತು. ನಯಸಿನ್ ಎಂಬ ಜೀವಸತ್ತ್ವದ ಅಭಾವವೇ ಇದಕ್ಕೆ ಕಾರಣವೆಂಬುದು 1937ರ ಬಳಿಕ ಸ್ಪಷ್ಟವಾಯಿತು.

ಇದು ಶರೀರಶಾಸ್ತ್ರದ ಉತ್ತರ. ಆದರೆ ಆ ಜೀವಸತ್ತ್ವವು ಬಡವನ ತಟ್ಟೆಗೇ ಏಕೆ ಬರಲಿಲ್ಲ? ಗೋಲ್ಡ್‌ಬರ್ಗರನು ಸಂಖ್ಯಾಶಾಸ್ತ್ರಜ್ಞ ಸೈಡೆನ್‌ಸ್ಟ್ರಿಕರನೊಡನೆ ದಕ್ಷಿಣ ಕ್ಯಾರೊಲಿನದ ಹತ್ತಿ ಗಿರಣಿಗಳ ಹಳ್ಳಿಗಳಲ್ಲಿ ಮನೆಮನೆಯ ವರಮಾನವನ್ನು ಲೆಕ್ಕ ಹಾಕಿದನು. ವರಮಾನವು ಇಳಿದಂತೆಲ್ಲ ರೋಗವು ಏರಿತ್ತು. ಮಿದುಳನ್ನು ಕೆಡಿಸಿದುದು ಜೀವಸತ್ತ್ವದ ಕೊರತೆ; ಆ ಕೊರತೆಯನ್ನು ತಂದುದು ಕೂಲಿಯ ಕೊರತೆ. ಈ ಕಥೆ ನಮಗೆ ದೂರದ್ದೇನಲ್ಲ. ದಖ್ಖನ್ನಿನಲ್ಲಿ ಜೋಳವನ್ನೇ ನಂಬಿದ ಬಡವರಲ್ಲಿಯೂ ಪೆಲಗ್ರ ಇದ್ದುದನ್ನು ಹೈದರಾಬಾದಿನ ಡಾಕ್ಟರ್ ಸಿ. ಗೋಪಾಲನ್ ಮೊದಲಾದವರು 1960ರ ಸುಮಾರಿನಲ್ಲಿ ವಿವರಿಸಿದರು.

ಆದುದರಿಂದ ಒಬ್ಬನನ್ನು ಮನೋರೋಗಿ ಎನ್ನುವ ಮೊದಲು ಎರಡು ಪ್ರಶ್ನೆಗಳನ್ನು ಕೇಳಬೇಕು: ಅವನ ದೇಹದಲ್ಲಿ ಏನು ನಡೆದಿದೆ? ಹೆಸರಿಡುತ್ತಿರುವವರು ಯಾರು, ಯಾವ ಅಳತೆಯಿಂದ? ಮೊದಲನೆಯದನ್ನು ಮರೆತರೆ ಗುಣವಾಗಬಲ್ಲ ರೋಗಿಯು ಮದ್ದಿಲ್ಲದೆ ನರಳುತ್ತಾನೆ. ಎರಡನೆಯದನ್ನು ಮರೆತರೆ ಆರೋಗ್ಯವಂತನು ಚಾವಟಿಯೇಟು ತಿನ್ನುತ್ತಾನೆ. ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಕಾಯಿದೆಯು ಜಾತಿ, ಮತ, ಅಂತಸ್ತುಗಳನ್ನಾಗಲಿ, ಸಮಾಜದ ರೂಢಿಗೆ ಒಪ್ಪದ ನಡತೆಯನ್ನಾಗಲಿ ಮನೋರೋಗದ ನಿರ್ಣಯಕ್ಕೆ ಆಧಾರವಾಗಿ ಹಿಡಿಯಬಾರದೆಂದು ವಿಧಿಸಿದೆ. ಕಾಯಿದೆ ಒಪ್ಪಿರುವ ಈ ವಿವೇಕವು ನಮ್ಮ ದಿನದ ಮಾತಿಗೂ ಬರುವುದು ಅಗತ್ಯ.