ಹಿತ್ತಲಿಗೆ ಬಂದ ನವರಂಗ

ಶಿವಮೊಗ್ಗೆಯ ಕೋಟೆಯ ಬದಿಯಲ್ಲಿ ತುಂಗಾ ನದಿ ಹರಿಯುತ್ತದೆ. ನದಿಯ ತಂಪು, ಹಳೆಯ ಮನೆಗಳ ಹಿತ್ತಲು, ಅಲ್ಲಿ ಬೆಳೆದ ತೆಂಗು, ಹಲಸು, ಬಾಳೆ ಇವೆಲ್ಲವೂ ಹಕ್ಕಿಗಳಿಗೆ ಆಶ್ರಯ. ಹಿತ್ತಲಿನ ಕಟ್ಟೆಯ ಮೇಲೆ ಒಂದು ಹಿಡಿ ಅಕ್ಕಿಯನ್ನೂ ಮಣ್ಣಿನ ಬೋಗುಣಿಯಲ್ಲಿ ನೀರನ್ನೂ ಇಟ್ಟರೆ ಕಾಗೆ, ಗುಬ್ಬಚ್ಚಿ, ಗೊರವಂಕ, ಪಿಕಳಾರಗಳು ದಿನವೂ ಬರುತ್ತವೆ. ಆದರೆ ಮಳೆಗಾಲವು ಹಿಂದೆ ಸರಿಯುವ ಅಕ್ಟೋಬರ್ ತಿಂಗಳಿನ ಒಂದು ಬೆಳಗ್ಗೆ, ಎಂದೂ ಕಾಣದ ಹಕ್ಕಿಯೊಂದು ಬೋಗುಣಿಯ ಬಳಿ ನೆಲದ ಮೇಲೆ ನಿಂತಿರಬಹುದು. ಅದು ಯಾವ ಹಕ್ಕಿ? ಅದನ್ನು ಗುರುತಿಸುವುದು ಹೇಗೆ?

ಮೊದಲು ನಾವು ಮಾಡಬೇಕಾದುದು ಸದ್ದಿಲ್ಲದೆ ನಿಂತು ನೋಡುವುದು. ಹಕ್ಕಿಯ ಭುಜದ ಮೇಲೆ ನೀಲಿ ಬಣ್ಣ ಹೊಳೆದೊಡನೆ ಮಿಂಚುಳ್ಳಿಯೆಂದು ಕೂಗುವವರುಂಟು. ನಮ್ಮ ರಾಜ್ಯಪಕ್ಷಿಯಾದ ನೀಲಕಂಠವೆಂದು ವಾದಿಸುವವರೂ ಉಂಟು. ಮಿಂಚುಳ್ಳಿಗೆ ಉದ್ದವಾದ, ಬಲವಾದ ಕೊಕ್ಕು. ನೀಲಕಂಠವು ತಂತಿಯ ಮೇಲೋ ಒಣಗಿದ ಕೊಂಬೆಯ ಮೇಲೋ ಕುಳಿತು ಬೇಟೆಗಾಗಿ ಕಾಯುತ್ತದೆ. ಈ ಅತಿಥಿಯಾದರೋ ನೆಲದ ಮೇಲೆ ಕುಪ್ಪಳಿಸುತ್ತ ತರಗೆಲೆಗಳನ್ನು ಕೆದಕುತ್ತದೆ. ಬೆನ್ನು ಹಸುರು, ಎದೆ ತಿಳಿಗಂದು, ಗಂಟಲು ಬಿಳಿ. ಕಣ್ಣಿನ ಮೇಲೆ ಹಾದುಹೋಗುವ ಅಗಲವಾದ ಕಪ್ಪು ಪಟ್ಟೆ. ಮೊಂಡು ಬಾಲದ ಅಡಿಯಲ್ಲಿ ಕಡುಗೆಂಪು. ಗಾತ್ರವು ಸುಮಾರು 19 ಸೆಂಟಿಮೀಟರು, ಗೊರವಂಕಕ್ಕಿಂತ ಕಿರಿದು. ಇದೇ ನವರಂಗ.

ಬಣ್ಣವೊಂದನ್ನೇ ನಂಬಿದರೆ ಮೋಸಹೋಗುತ್ತೇವೆ. ಕೊಕ್ಕು, ಬಾಲ, ನಡಿಗೆ, ಕೂಗು, ಆಹಾರ ಇವೆಲ್ಲವನ್ನೂ ಕೂಡಿಸಿ ನೋಡಬೇಕು. ಸ್ವೀಡನ್ ದೇಶದ ವಿಜ್ಞಾನಿ ಲಿನೇಯಸ್ 1766ರಲ್ಲಿ ಈ ಹಕ್ಕಿಗೆ ಶಾಸ್ತ್ರೀಯ ನಾಮವನ್ನಿತ್ತಾಗ ಇದನ್ನು ಕಾಗೆಯ ಕುಲಕ್ಕೆ ಸೇರಿಸಿದ್ದನು. ಮುಂದಿನ ವಿಜ್ಞಾನಿಗಳು ಅದನ್ನು ತಿದ್ದಿದರು. ಮೊಂಡು ಬಾಲವೆಂಬ ಅರ್ಥದ ಹೆಸರು ಮಾತ್ರ ಇಂದಿಗೂ ಉಳಿದಿದೆ.

ನವರಂಗವು ವಲಸೆಯ ಹಕ್ಕಿ. ಹಿಮಾಲಯದ ತಪ್ಪಲಿನಲ್ಲಿಯೂ ಮಧ್ಯಭಾರತದ ಕಾಡುಗಳಲ್ಲಿಯೂ ಮಳೆಗಾಲದಲ್ಲಿ ಮರಿಮಾಡಿ, ಚಳಿಗಾಲಕ್ಕೆ ದಕ್ಷಿಣ ಭಾರತಕ್ಕೂ ಶ್ರೀಲಂಕೆಗೂ ಬರುತ್ತದೆ. ಪಯಣವು ರಾತ್ರಿಯ ವೇಳೆ. ದೀರ್ಘ ಹಾರಾಟದಿಂದ ಬಳಲಿದ ಹಕ್ಕಿಯು ಕೆಲವೊಮ್ಮೆ ಊರ ನಡುವೆಯೇ ಇಳಿದುಬಿಡುತ್ತದೆ. ಕಿಟಕಿಯ ಗಾಜಿಗೆ ಬಡಿದು ಬೀಳುವುದೂ ಉಂಟು. ನಸುಕಿನಲ್ಲಿಯೂ ಮುಸ್ಸಂಜೆಯಲ್ಲಿಯೂ ಎರಡು ಸ್ವರದ ಸಿಳ್ಳೆ ಹಾಕುವುದು ಇದರ ಸ್ವಭಾವ. ಆದುದರಿಂದಲೇ ತಮಿಳರು ಇದನ್ನು ಆರು ಗಂಟೆಯ ಹಕ್ಕಿಯೆಂದು ಕರೆದಿದ್ದಾರೆ.

ಕಟ್ಟೆಯ ಮೇಲಿನ ಅಕ್ಕಿಯನ್ನು ನವರಂಗವು ಮುಟ್ಟುವುದಿಲ್ಲ. ಹುಳುಹುಪ್ಪಟೆ, ಎರೆಹುಳು ಇದರ ಆಹಾರ. ಅವು ದೊರೆಯುವುದು ತೇವವಾದ ತರಗೆಲೆಗಳ ಅಡಿಯಲ್ಲಿ. ಹಿತ್ತಲಿನ ಎಲೆಗಳನ್ನೆಲ್ಲ ಗುಡಿಸಿ ಸುಟ್ಟು, ನೆಲಕ್ಕೆ ಸಿಮೆಂಟು ಬಳಿದರೆ, ನೂರಾರು ಹರದಾರಿ ಹಾರಿಬಂದ ಹಕ್ಕಿಗೆ ಒಂದು ತುತ್ತೂ ಸಿಕ್ಕದು. ಒಂದು ಮೂಲೆಯಲ್ಲಾದರೂ ತರಗೆಲೆಗಳನ್ನು ಉಳಿಸುವುದೇ ಅದಕ್ಕೆ ನಾವು ನೀಡುವ ನಿಜವಾದ ಆತಿಥ್ಯ.

ಬಳಲಿ ಬಿದ್ದ ಹಕ್ಕಿಯನ್ನು ಕಂಡಾಗ ಜನರು ಸುತ್ತ ನೆರೆಯುತ್ತಾರೆ. ಕೊಕ್ಕನ್ನು ತೆರೆದು ನೀರು ಹಾಕುತ್ತಾರೆ. ಇದು ದಯೆಯಂತೆ ಕಂಡರೂ ಅಪಾಯಕರ. ನೀರು ಶ್ವಾಸನಾಳವನ್ನು ಸೇರಿದರೆ ಹಕ್ಕಿ ಸತ್ತುಹೋಗುತ್ತದೆ. ಬೆಕ್ಕು ಕಾಗೆಗಳಿಂದ ಅದನ್ನು ರಕ್ಷಿಸಿ, ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ, ಕತ್ತಲೆಯ ಶಾಂತವಾದ ಸ್ಥಳದಲ್ಲಿ ಇರಿಸಬೇಕು. ಚೇತರಿಸಿಕೊಂಡ ಮೇಲೆ ಗಿಡಮರಗಳ ನೆರಳಿನಲ್ಲಿ ಬಿಟ್ಟುಬಿಡಬೇಕು. ಗಾಯವಾಗಿದ್ದರೆ ಅರಣ್ಯ ಇಲಾಖೆಗೆ ತಿಳಿಸಬೇಕು. ಪಂಜರದಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ವಿರುದ್ಧ.

ಕಂಡ ದಿನ, ವೇಳೆ, ಸ್ಥಳ, ಹಕ್ಕಿಯ ವರ್ತನೆ ಇವುಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಕಂಡುದನ್ನು ಕಂಡಂತೆಯೇ ಬರೆಯಿರಿ, ಕಾಣದುದನ್ನು ಸೇರಿಸಬೇಡಿರಿ. ವರ್ಷವರ್ಷವೂ ಹೀಗೆ ಬರೆದಿಟ್ಟರೆ ಅತಿಥಿಯು ಎಂದು ಬಂದಿತು, ಯಾವ ವರ್ಷ ಬರಲಿಲ್ಲ ಎಂಬುದು ತಿಳಿಯುತ್ತದೆ. ಬಾರದ ವರ್ಷದಲ್ಲಿ ನಮ್ಮ ಹಿತ್ತಲಿನಲ್ಲಿ ಏನು ಬದಲಾಯಿತೆಂದು ನಾವು ಕೇಳಿಕೊಳ್ಳಬೇಕು.