ಹಿಂಚಕ್ರದ ಬ್ರೇಕಿಗೆ ಬೇಕಾದ ಹದ

ರಸ್ತೆ ಬದಿಯಲ್ಲಿ ನಿಂತ ಸಾಧಾರಣ ಬೆಲೆಯ ಕಾರೊಂದರ ಚಕ್ರಗಳ ಸಂದಿಯಲ್ಲಿ ಕಣ್ಣು ಹಾಯಿಸಿ. ಮುಂದೆ ಫಳಫಳ ಹೊಳೆಯುವ ಡಿಸ್ಕ್, ಹಿಂದೆ ಮಂಕಾಗಿ ತುಕ್ಕಿನ ಬಣ್ಣಕ್ಕೆ ತಿರುಗಿದ ಡ್ರಮ್. ಕಂಪನಿ ಇಲ್ಲಿ ಕಾಸು ಉಳಿಸಿದೆ ಎಂಬ ಅನುಮಾನ ಯಾರಿಗಾದರೂ ಬರುತ್ತದೆ. ಕಾರಿನ ಹುಚ್ಚು ಹಿಡಿದವರು ಆ ಡ್ರಮ್ ಬಿಚ್ಚಿ ಡಿಸ್ಕ್ ಕೂರಿಸಲೆಂದು ಲೇತ್ ಅಂಗಡಿಯಲ್ಲಿ ಚಕ್ರ ಕೂರುವ ಹಬ್, ನಡುವೆ ಇಡುವ ಸ್ಪೇಸರ್ ಮಾಡಿಸಿಕೊಳ್ಳುವುದಕ್ಕೂ ಅದೇ ಮೂಲ. ಆದರೆ ಹಿಂದಿನ ಬ್ರೇಕ್ ಇವತ್ತಿನ ರೂಪಕ್ಕೆ ಬರಲು ನೂರು ವರ್ಷಕ್ಕೂ ಹೆಚ್ಚು ಹಿಡಿದಿದೆ. ಆ ದಾರಿ ತಿಳಿದರೆ ಏನು ಬದಲಿಸಬೇಕು, ಏನನ್ನು ಮುಟ್ಟಬಾರದು ಎಂಬುದೂ ತಿಳಿಯುತ್ತದೆ.

1888ರಲ್ಲಿ ಬೆರ್ಟಾ ಬೆಂಜ್ ತಮ್ಮ ಇಬ್ಬರು ಗಂಡುಮಕ್ಕಳೊಂದಿಗೆ ಜರ್ಮನಿಯ ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ನೂರು ಕಿಲೋಮೀಟರಿಗೂ ಹೆಚ್ಚು ದೂರ, ಪತಿ ರೂಪಿಸಿದ ಮೋಟಾರು ಗಾಡಿ ಓಡಿಸಿಕೊಂಡು ಹೋದರು. ಇಳಿಜಾರುಗಳಲ್ಲಿ ಬ್ರೇಕಿನ ದಿಮ್ಮಿಗಳು ಸವೆದಾಗ ದಾರಿಯಲ್ಲಿ ಸಿಕ್ಕ ಚಮ್ಮಾರನಿಂದ ಅವಕ್ಕೆ ತೊಗಲು ಹೊಡೆಸಿದರು. ಇವತ್ತಿನ ಬ್ರೇಕ್ ಲೈನಿಂಗಿನ ಮೊದಲ ರೂಪ ಅದೇ.

1902ರಲ್ಲಿ ಎರಡು ದಾರಿಗಳು ತೆರೆದುಕೊಂಡವು. ಫ್ರಾನ್ಸಿನ ಲೂಯಿ ರೆನೊ, ಡ್ರಮ್ಮಿನ ಒಳಗಿನಿಂದ ಶೂಗಳು ಹೊರಕ್ಕೆ ಒತ್ತುವ ಬ್ರೇಕನ್ನು ರೂಪಿಸಿದರು. ಅದೇ ವರ್ಷ ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್, ಚಕ್ರದೊಂದಿಗೆ ತಿರುಗುವ ತಟ್ಟೆಯನ್ನು ಪ್ಯಾಡುಗಳು ಎರಡೂ ಬದಿಯಿಂದ ಹಿಡಿಯುವ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದರು. ಲ್ಯಾಂಚೆಸ್ಟರ್ ಬಳಸಿದ ತಾಮ್ರದ ಪ್ಯಾಡುಗಳು ಕಿವಿ ಕೊರೆಯುವಂತೆ ಕಿರುಚುತ್ತಿದ್ದವು, ರಸ್ತೆಯ ಧೂಳಿಗೆ ಬೇಗ ಸವೆಯುತ್ತಿದ್ದವು. ಹಾಗಾಗಿ ಅರ್ಧ ಶತಮಾನ ಡ್ರಮ್ಮೇ ಆಳಿತು.

ಆಗಿನ ಬಹುಪಾಲು ಕಾರುಗಳಲ್ಲಿ ಬ್ರೇಕ್ ಇದ್ದದ್ದು ಹಿಂದಿನ ಚಕ್ರಗಳಿಗೆ ಮಾತ್ರ ಎಂಬುದು ಇಂದು ಅನೇಕರಿಗೆ ಗೊತ್ತಿಲ್ಲ. 1908ರಿಂದ 1927ರವರೆಗೆ ತಯಾರಾದ ಫೋರ್ಡ್ ಮಾಡೆಲ್ ಟಿ ಕಾರಿನ ಪೆಡಲ್ ಒತ್ತಿದರೆ ಗೇರ್‌ಪೆಟ್ಟಿಗೆಯೊಳಗಿನ ಪಟ್ಟಿ ಬಿಗಿಯುತ್ತಿತ್ತು, ಕೈಲಿವರ್ ಎಳೆದರೆ ಹಿಂದಿನ ಡ್ರಮ್‌ಗಳು ಹಿಡಿಯುತ್ತಿದ್ದವು. ಮುಂದಿನ ಚಕ್ರಗಳಿಗೆ ಏನೂ ಇರಲಿಲ್ಲ. ಸ್ಟಿಯರಿಂಗ್ ಜೊತೆ ತಿರುಗುವ ಚಕ್ರಕ್ಕೆ ಬ್ರೇಕ್ ಜೋಡಿಸುವುದು ಕಷ್ಟವಿತ್ತು, ಮುಂದೆ ಹಿಡಿದರೆ ಗಾಡಿ ಅಂಕೆ ತಪ್ಪೀತೆಂಬ ಭಯವೂ ಇತ್ತು. 1921ರಲ್ಲಿ ಅಮೆರಿಕದ ಡ್ಯೂಸೆನ್‌ಬರ್ಗ್ ಕಂಪನಿ ನಾಲ್ಕೂ ಚಕ್ರಗಳಿಗೆ ಹೈಡ್ರಾಲಿಕ್ ಬ್ರೇಕ್ ಕೊಟ್ಟಿತು. ಭಯ ಕರಗತೊಡಗಿತು.

ಮುಂದಿನ ಬ್ರೇಕೇ ಯಾಕೆ ಮುಖ್ಯ? ಲೆಕ್ಕ ಹಾಕಿಯೇ ನೋಡೋಣ. 1,000 ಕೆ.ಜಿ. ತೂಕದ ಕಾರಿನಲ್ಲಿ ಮುಂದೆ 600, ಹಿಂದೆ 400 ಕೆ.ಜಿ. ಭಾರವಿದೆ ಎಂದುಕೊಳ್ಳಿ. ಮುಂದಿನ ಹಾಗೂ ಹಿಂದಿನ ಚಕ್ರಗಳ ನಡುವಿನ ಅಂತರ 2.4 ಮೀಟರ್, ಕಾರಿನ ಗುರುತ್ವಕೇಂದ್ರ ನೆಲದಿಂದ ಅರ್ಧ ಮೀಟರ್ ಮೇಲಿದೆ. ಒಣ ರಸ್ತೆಯಲ್ಲಿ ಜೋರಾಗಿ ಬ್ರೇಕ್ ಒತ್ತಿದಾಗ, ಅಂದರೆ ಗುರುತ್ವದ 0.8ರಷ್ಟು ಬಲದಲ್ಲಿ ವೇಗ ಇಳಿಯುವಾಗ, ಸುಮಾರು 167 ಕೆ.ಜಿ. ಭಾರ ಹಿಂದಿನಿಂದ ಮುಂದಕ್ಕೆ ವಾಲುತ್ತದೆ. ಆ ಗಳಿಗೆಯಲ್ಲಿ ಹಿಂದಿನ ಎರಡು ಟೈರುಗಳ ಮೇಲೆ ಉಳಿಯುವುದು ಬರೀ 233 ಕೆ.ಜಿ. ಭಾರವಿಲ್ಲದ ಟೈರಿಗೆ ಹಿಡಿತವೂ ಇಲ್ಲ. ಅಲ್ಲಿ ಬ್ರೇಕ್ ಅತಿಯಾದರೆ ಹಿಂದಿನ ಚಕ್ರಗಳು ಮೊದಲೇ ಲಾಕ್ ಆಗಿ, ಕಾರಿನ ಹಿಂಭಾಗ ಪಕ್ಕಕ್ಕೆ ಜಾರಿ, ಇಡೀ ಗಾಡಿ ತಿರುಗಿ ನಿಲ್ಲುತ್ತದೆ. ಮುಂದಿನ ಚಕ್ರ ಲಾಕ್ ಆದರೆ ಕಾರು ನೇರ ಹೋಗುತ್ತದೆ, ಪೆಡಲ್ ಸಡಿಲಿಸಿದರೆ ಸ್ಟಿಯರಿಂಗ್ ಮರಳಿ ಕೈಗೆ ಬರುತ್ತದೆ. ಹಿಂದಿನದು ಲಾಕ್ ಆದರೆ ಅಷ್ಟು ಅವಕಾಶ ಸಿಗುವುದು ಅಪರೂಪ.

ಡಿಸ್ಕಿಗೆ ಮರುಜೀವ ಬಂದದ್ದು ವಿಮಾನಗಳಿಂದ. ವಿಮಾನಗಳಿಗೆಂದು ಡಿಸ್ಕ್ ಬ್ರೇಕ್ ತಯಾರಿಸುತ್ತಿದ್ದ ಡನ್‌ಲಪ್ ಕಂಪನಿ ಜಾಗ್ವಾರ್ ಜೊತೆ ಸೇರಿ ಅದನ್ನು ಕಾರಿಗೆ ಒಗ್ಗಿಸಿತು. 1953ರ ಲ ಮಾನ್ 24 ಗಂಟೆಗಳ ಓಟವನ್ನು ಡಂಕನ್ ಹ್ಯಾಮಿಲ್ಟನ್ ಮತ್ತು ಟೋನಿ ರೋಲ್ಟ್ ಗೆದ್ದದ್ದು ಡಿಸ್ಕ್ ಬ್ರೇಕಿನ ಜಾಗ್ವಾರ್ ಸಿ-ಟೈಪ್ ಕಾರಿನಲ್ಲಿ, ಗಂಟೆಗೆ ಸುಮಾರು 170 ಕಿ.ಮೀ. ಸರಾಸರಿ ವೇಗದಲ್ಲಿ. ಬಿಸಿಯಾದ ಡ್ರಮ್ ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ, ಪೆಡಲ್ ಆಳಕ್ಕೆ ಇಳಿಯುತ್ತದೆ. ಡಿಸ್ಕ್ ಹಿಗ್ಗಿದರೆ ಪ್ಯಾಡಿನತ್ತಲೇ ಬರುತ್ತದೆ, ಗಾಳಿಗೆ ತೆರೆದುಕೊಂಡಿರುವುದರಿಂದ ಬೇಗ ತಣಿಯುತ್ತದೆ. ಚಾರ್ಮಾಡಿ, ಆಗುಂಬೆ ಘಾಟಿಗಳಲ್ಲಿ ಹಳೆಯ ಡ್ರಮ್ ಬ್ರೇಕಿನ ಅಂಬಾಸಡರ್ ಇಳಿಸಿದ ಚಾಲಕರಿಗೆ ಈ ವ್ಯತ್ಯಾಸವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

1955ರ ಸಿಟ್ರೊಯೆನ್ ಡಿಎಸ್ ಮುಂದೆ ಡಿಸ್ಕ್, ಹಿಂದೆ ಡ್ರಮ್ ಇಟ್ಟುಕೊಂಡು ಬಂತು. ಜಗತ್ತಿನ ಬಹುಪಾಲು ಜನಸಾಮಾನ್ಯರ ಕಾರುಗಳು ಮುಂದೆ ಇದೇ ಏರ್ಪಾಟನ್ನು ಒಪ್ಪಿಕೊಂಡವು. ಹಿಂದಿನ ಬ್ರೇಕಿಗೆ ಕೆಲಸ ಕಡಿಮೆ, ಬಿಸಿಯೂ ಕಡಿಮೆ. ಡ್ರಮ್ಮಿಗೆ ಹ್ಯಾಂಡ್‌ಬ್ರೇಕ್ ಜೋಡಿಸಲು ಒಂದು ಕೇಬಲ್ ಸಾಕು, ಡಿಸ್ಕಾದರೆ ಅದಕ್ಕೆಂದೇ ಬೇರೆ ವ್ಯವಸ್ಥೆ ಮಾಡಬೇಕು. ಡ್ರಮ್ ಉಳಿದದ್ದು ಕಾಸಿನಿಂದ ಮಾತ್ರವಲ್ಲ ಎಂಬುದಕ್ಕೆ ಇಷ್ಟು ಕಾರಣ ಸಾಲದೇ?

ಈಗ ಲೇತ್ ಅಂಗಡಿಗೆ ಬರೋಣ. ಅನೇಕ ಸಣ್ಣ ಕಾರುಗಳಲ್ಲಿ ಹಿಂದಿನ ಡ್ರಮ್ ಮತ್ತು ಹಬ್ ಒಂದೇ ಎರಕ, ಬೇರಿಂಗ್ ಕೂರುವುದೂ ಅದರೊಳಗೇ. ಡ್ರಮ್ ತೆಗೆದರೆ ಚಕ್ರ ಕೂರಲು ಏನೂ ಉಳಿಯುವುದಿಲ್ಲ. ಹಾಗಾಗಿ ಉಕ್ಕಿನ ಗಟ್ಟಿಯಿಂದ ಹೊಸ ಹಬ್ ಮಾಡಿಸಬೇಕು. ಬೇರಿಂಗ್ ಕೂರುವ ರಂಧ್ರ ಕೂದಲೆಳೆ ದೊಡ್ಡದಾದರೆ ಬೇರಿಂಗ್ ಒಳಗೇ ತಿರುಗುತ್ತದೆ, ಚಿಕ್ಕದಾದರೆ ಬಿಗಿದು ಬಿಸಿಯಾಗುತ್ತದೆ. ಪ್ಯಾಡುಗಳನ್ನು ಹಿಡಿದಿಡುವ ಕ್ಯಾಲಿಪರಿನ ನಟ್ಟನಡುವೆ ಡಿಸ್ಕನ್ನು ತರಲು ಸ್ಪೇಸರ್ ಬೇಕು. ಒಳ್ಳೆಯ ಟರ್ನರ್ ಎಲ್ಲ ಜೋಡಿಸಿದ ಮೇಲೆ ಡಯಲ್ ಗೇಜಿನ ಮೊನೆಯನ್ನು ಡಿಸ್ಕಿಗೆ ತಾಗಿಸಿ, ಕೈಯಿಂದ ನಿಧಾನ ಒಂದು ಸುತ್ತು ತಿರುಗಿಸಿ ಮುಳ್ಳು ನೋಡುತ್ತಾನೆ. ಅದು 0.1 ಮಿ.ಮೀ.ಗಿಂತ ಹೆಚ್ಚು ಅಲುಗಿದರೆ ಬಿಚ್ಚಿ ಮತ್ತೆ ಕೂರಿಸುತ್ತಾನೆ. ಆ ತಾಳ್ಮೆಗೆ ಕೊಡುವ ಕೂಲಿ ದುಬಾರಿಯಲ್ಲ.

ಚಕ್ರವನ್ನು ಹೊರಕ್ಕೆ ಸರಿಸಲು ಹಬ್ಬಿಗೂ ಚಕ್ರಕ್ಕೂ ನಡುವೆ ಇಡುವ ಸ್ಪೇಸರ್ ವಿಚಾರದಲ್ಲಿ ಇನ್ನೂ ಎಚ್ಚರ ಬೇಕು. ಸ್ಪೇಸರ್ ದಪ್ಪವಾದಷ್ಟೂ ಸ್ಟಡ್ಡಿನ ಮೇಲೆ ನಟ್ ಹಿಡಿಯುವ ಥ್ರೆಡ್ ಕಡಿಮೆಯಾಗುತ್ತದೆ. 12 ಮಿ.ಮೀ. ಸ್ಟಡ್ಡಿಗೆ ನಟ್ ಕನಿಷ್ಠ ಅಷ್ಟೇ ಉದ್ದ ಕಚ್ಚಿರಬೇಕು. ಚಕ್ರ ಹೊರಗೆ ಸರಿದಷ್ಟೂ ಬೇರಿಂಗಿನ ಮೇಲೆ ಭಾರ ಏರುತ್ತದೆ. ದೊಡ್ಡ ಪಿಸ್ಟನ್ನಿನ ಕ್ಯಾಲಿಪರ್ ಹಾಕಿದರೆ ಹಳೆಯ ಮಾಸ್ಟರ್ ಸಿಲಿಂಡರ್ ಹೆಚ್ಚು ಎಣ್ಣೆ ತಳ್ಳಬೇಕಾಗಿ ಪೆಡಲ್ ಕೆಳಗಿಳಿಯುತ್ತದೆ, ಹಿಂದಿನ ಬ್ರೇಕಿನ ಪಾಲು ಹೆಚ್ಚಿ 233 ಕೆ.ಜಿ.ಯ ಲೆಕ್ಕ ತಪ್ಪುತ್ತದೆ. ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊಂದದಂತೆ ವಾಹನ ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ನಿರ್ಬಂಧಿಸುತ್ತದೆ ಎಂಬುದನ್ನೂ ಮರೆಯಬಾರದು.

2020ರಲ್ಲಿ ರಸ್ತೆಗಿಳಿದ ಫೋಕ್ಸ್‌ವ್ಯಾಗನ್ ಐಡಿ.3 ವಿದ್ಯುತ್ ಕಾರಿನ ಹಿಂದೆ ಇರುವುದು ಡ್ರಮ್ಮೇ. ಹಿಂದಿನ ಚಕ್ರಗಳ ಮೋಟಾರೇ ವೇಗ ಇಳಿಸಿ ವಿದ್ಯುತ್ ಮರಳಿಸುವುದರಿಂದ ಅಲ್ಲಿ ಬ್ರೇಕಿಗೆ ಕೆಲಸ ಅಪರೂಪ. ಕೆಲಸವಿಲ್ಲದ ಡಿಸ್ಕ್ ತುಕ್ಕು ಹಿಡಿಯುತ್ತದೆ, ಮುಚ್ಚಿದ ಡ್ರಮ್ಮಿನ ಹೊರಮೈ ತುಕ್ಕಾದರೂ ಒಳಮೈಗೆ ಅದು ಅಷ್ಟು ಸುಲಭವಾಗಿ ಹಿಡಿಯುವುದಿಲ್ಲ. ಹೊಸತೆಲ್ಲ ಮೇಲು, ಹಳತೆಲ್ಲ ಕೀಳು ಎಂಬ ಮಾತು ಬ್ರೇಕಿಗೆ ಒಪ್ಪುವುದಿಲ್ಲ. ಹಿಂದೆ ಡಿಸ್ಕ್ ಹಾಕಿಸಲೇಬಾರದೆಂದು ನಾನು ಹೇಳುತ್ತಿಲ್ಲ. ಓಟದ ಅಂಕಣಕ್ಕೆಂದೇ ಕಾರು ಕಟ್ಟುವವರಿಗೆ ಅದು ಅಗತ್ಯವೇ ಇರಬಹುದು. ಆದರೆ ಉಕ್ಕಿನ ಗಟ್ಟಿ ಹಿಡಿದು ಲೇತಿನ ಮುಂದೆ ನಿಲ್ಲುವ ಮೊದಲು ಕಾರನ್ನು ತೂಕದ ಕಾಟಾದ ಮೇಲೆ ನಿಲ್ಲಿಸಿ. ಮುಂದೆಷ್ಟು, ಹಿಂದೆಷ್ಟು ಎಂದು ಬರೆದುಕೊಳ್ಳಿ. ಟರ್ನರ್‌ಗೆ ಕೊಡುವ ಪ್ರತಿ ಅಳತೆಯೂ ಆ ಎರಡು ಅಂಕಿಗಳಿಂದಲೇ ಹುಟ್ಟಬೇಕು.