ಶಾಲೆಯಲ್ಲಿ ರಂಗಶಿಕ್ಷಣ: ಆರಂಭ ಹೇಗೆ?

ವಾರ್ಷಿಕೋತ್ಸವಕ್ಕೆ ಹದಿನೈದು ದಿನಗಳಿರುವಾಗ ಚುರುಕಾದ ಐದಾರು ಮಕ್ಕಳನ್ನು ಆರಿಸಿ, ಸಂಭಾಷಣೆಯನ್ನು ಬಾಯಿಪಾಠ ಮಾಡಿಸಿ ರಂಗವೇರಿಸುವುದು ಅನೇಕ ಶಾಲೆಗಳ ರೂಢಿ. ಅದು ಪ್ರದರ್ಶನವಾದೀತು, ರಂಗಶಿಕ್ಷಣವಾಗಲಾರದು. ರಂಗಶಿಕ್ಷಣದ ಫಲ ಮೊದಲು ಸಲ್ಲಬೇಕಾದುದು ಹಿಂದಿನ ಬೆಂಚಿನಲ್ಲಿ ಮೌನವಾಗಿ ಕುಳಿತಿರುವ ಮಗುವಿಗೆ.

ರವೀಂದ್ರನಾಥ ಠಾಕೂರರ ಕಥೆಯೊಂದನ್ನು ಆಧರಿಸಿದ ಬಿ.ವಿ. ಕಾರಂತರ ಮಕ್ಕಳ ನಾಟಕ ‘ಪಂಜರ ಶಾಲೆ’. ವಿದ್ಯೆ ಕಲಿಸುವ ನೆಪದಲ್ಲಿ ಪುಸ್ತಕದ ಹಾಳೆಗಳನ್ನು ತುರುಕಿಸಿಕೊಂಡ ಗಿಳಿಯ ಕಥೆಯದು. ಸಂಭಾಷಣೆಯನ್ನು ತುರುಕುವ ನಾಟಕವೂ ಅಂಥ ಪಂಜರವೇ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯು ರಂಗಭೂಮಿಯ ಮೂಲಕ ಶಿಕ್ಷಣ ನೀಡಲೆಂದೇ 1989ರಲ್ಲಿ ಪ್ರತ್ಯೇಕ ತಂಡವನ್ನು ಕಟ್ಟಿತು.

ಆರಂಭಕ್ಕೆ ಬೇಕಾದುದು ಅಲ್ಪ: ಬೆಂಚುಗಳನ್ನು ಗೋಡೆಗೆ ಸರಿಸಿದ ಕೊಠಡಿ, ವಾರಕ್ಕೊಂದು ಗಂಟೆ, ಇಪ್ಪತ್ತೈದು ಮಕ್ಕಳು, ಆಸಕ್ತ ಶಿಕ್ಷಕರೊಬ್ಬರು. ಮೊದಲ ತಿಂಗಳು ನಾಟಕವೇ ಬೇಡ. ಉಸಿರು, ನಡಿಗೆ, ಲಯ ಹಾಗೂ ಪರಸ್ಪರ ಆಲಿಸುವಿಕೆಯನ್ನು ರೂಢಿಸುವ ಆಟಗಳು ಸಾಕು. ಅನಂತರ ಕಥೆಯೊಂದನ್ನು ಮಕ್ಕಳೇ ದೃಶ್ಯಗಳಾಗಿ ವಿಂಗಡಿಸಿ, ಸ್ವಂತ ಮಾತುಗಳಲ್ಲಿ ಆಡಲಿ. ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಇದಕ್ಕೆ ಬಹಳ ಒಪ್ಪುತ್ತದೆ. ಇಲಿಗಳ ಹಿಂಡು, ಊರ ಜನ, ಮಕ್ಕಳ ಗುಂಪು ಇರುವಲ್ಲಿ ಪಾತ್ರವಿಲ್ಲದೆ ಯಾರೂ ಉಳಿಯರು.

ಹೊರನಾಡಿನಲ್ಲಿ ಇದಕ್ಕೆ ಇನ್ನೊಂದು ಮಹತ್ವವಿದೆ. ನಮ್ಮ ಎಷ್ಟೋ ಮಕ್ಕಳು ಮನೆಯಲ್ಲಿ ಕನ್ನಡ ಆಡುತ್ತಾರೆ, ಓದಲಾರರು. ಅವರಿಗೆ ಮಾತುಗಳನ್ನು ದೇವನಾಗರಿಯಲ್ಲೋ ಇಂಗ್ಲಿಷ್ ಅಕ್ಷರಗಳಲ್ಲೋ ಬರೆದುಕೊಡುವುದು ಸುಲಭೋಪಾಯ. ಬದಲಾಗಿ, ಕಿವಿಯಿಂದ ಕಲಿತ ಮಾತನ್ನೇ ಕನ್ನಡ ಲಿಪಿಯಲ್ಲಿ ಕೈಗಿತ್ತರೆ, ತನ್ನ ಪಾತ್ರದ ಮಾತನ್ನು ಗುರುತಿಸುವ ಉತ್ಸಾಹದಲ್ಲಿ ಮಗು ಅಕ್ಷರವನ್ನೂ ಕಲಿಯುತ್ತದೆ. ಪೋಷಕರು ಶಾಲೆಯನ್ನು ಕೇಳಬೇಕಾದುದು ವರ್ಷಕ್ಕೊಂದು ನಾಟಕವನ್ನಲ್ಲ, ವಾರಕ್ಕೊಂದು ಗಂಟೆಯನ್ನು.